ಹುಬ್ಬಳ್ಳಿಯಿಂದ ಮಂಗಳೂರಿಗೆ: ಆಕಾಶದಲ್ಲಿ 267 ಕಿಲೋಮೀಟರ್, ಕೈಗಡಿಯಾರದಲ್ಲಿ ಎಷ್ಟು?

ಹುಬ್ಬಳ್ಳಿ ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 267 ಕಿಲೋಮೀಟರ್. ಅಂತರಜಾಲದಲ್ಲಿ ದೂರ ಲೆಕ್ಕ ಹಾಕಿಕೊಡುವ ಯಾವುದೇ ತಾಣಕ್ಕೆ ಈ ಎರಡು ನಿಲ್ದಾಣಗಳ ಹೆಸರು ಕೊಟ್ಟರೂ ಒಂದೆರಡು ಕಿಲೋಮೀಟರಿನ ಹೆಚ್ಚುಕಡಿಮೆಯಲ್ಲಿ ಇದೇ ಉತ್ತರ ಬರುತ್ತದೆ. ಅದರ ಕೆಳಗೆ, ಹಾರಾಟಕ್ಕೆ ಮುಕ್ಕಾಲು ಗಂಟೆ ಅಥವಾ ಐವತ್ತು ನಿಮಿಷ ಬೇಕು ಎಂಬ ಇನ್ನೊಂದು ಸಾಲೂ ಇರುತ್ತದೆ. ಮೊದಲನೆಯ ಅಂಕಿಯನ್ನು ಕಣ್ಣುಮುಚ್ಚಿ ನಂಬಬಹುದು. ಎರಡನೆಯದನ್ನು ನಂಬುವ ಮೊದಲು ಅದು ಯಾವ ವಿಮಾನಕ್ಕೆ, ಯಾವ ಕಾಲಕ್ಕೆ, ಎಲ್ಲಿಂದ ಎಲ್ಲಿಯವರೆಗಿನ ಪ್ರಯಾಣಕ್ಕೆ ಸಂಬಂಧಿಸಿದ್ದು ಎಂಬುದನ್ನು ವಿಚಾರಿಸಲೇಬೇಕು.

ನಾನು ಹುಬ್ಬಳ್ಳಿಯಲ್ಲಿ ನೆಲೆಸಿ ಬಹಳ ವರ್ಷಗಳಾದವು. ನಮ್ಮ ಬಂಧುಬಳಗದಲ್ಲಿ ಅರ್ಧದಷ್ಟು ಮಂದಿ ಈಗಲೂ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿದ್ದಾರೆ. ಮದುವೆ, ಉಪನಯನ, ಆಸ್ಪತ್ರೆ, ಮಕ್ಕಳ ಕಾಲೇಜು ಎಂದು ಈ ಎರಡು ಸೀಮೆಗಳ ನಡುವೆ ಓಡಾಟ ನಿಲ್ಲುವುದೇ ಇಲ್ಲ. ಹಾಗಾಗಿ ‘ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು?’ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಮೇಲಿಂದ ಮೇಲೆ ಬರುತ್ತದೆ. ಅದಕ್ಕೆ ಒಂದೇ ಮಾತಿನ ಉತ್ತರ ಏಕೆ ಇಲ್ಲ ಎಂಬುದನ್ನು ಈ ಬರಹದಲ್ಲಿ ಬಿಡಿಸಿ ಹೇಳುತ್ತೇನೆ.

ದೂರದಿಂದಲೇ ಆರಂಭಿಸೋಣ, ಏಕೆಂದರೆ ಈ ಜೋಡಿಯ ದೂರವನ್ನು ಯಂತ್ರದ ಸಹಾಯವಿಲ್ಲದೆ ಕಾಗದದ ಮೇಲೆಯೇ ಕಂಡುಹಿಡಿಯಬಹುದು. ಹುಬ್ಬಳ್ಳಿ ನಿಲ್ದಾಣ ಇರುವುದು ಸುಮಾರು 15 ಡಿಗ್ರಿ 22 ನಿಮಿಷ ಉತ್ತರ ಅಕ್ಷಾಂಶ, 75 ಡಿಗ್ರಿ 5 ನಿಮಿಷ ಪೂರ್ವ ರೇಖಾಂಶದಲ್ಲಿ. ಮಂಗಳೂರು ನಿಲ್ದಾಣ ಇರುವುದು 12 ಡಿಗ್ರಿ 58 ನಿಮಿಷ ಉತ್ತರ, 74 ಡಿಗ್ರಿ 53 ನಿಮಿಷ ಪೂರ್ವದಲ್ಲಿ. ರೇಖಾಂಶದಲ್ಲಿ ಕೇವಲ 12 ನಿಮಿಷದ ಅಂತರವಿರುವುದರಿಂದ ಒಂದು ಊರು ಇನ್ನೊಂದರ ಬಹುತೇಕ ನೇರ ದಕ್ಷಿಣಕ್ಕೆ ಬರುತ್ತದೆ. ಅಕ್ಷಾಂಶದ ಅಂತರ 2 ಡಿಗ್ರಿ 24 ನಿಮಿಷ, ಅಂದರೆ 144 ನಿಮಿಷ. ವೈಮಾನಿಕರೂ ನಾವಿಕರೂ ಬಳಸುವ ನಾಟಿಕಲ್ ಮೈಲಿಯ ಮೂಲ ಅಳತೆ ಅಕ್ಷಾಂಶದ ಒಂದು ನಿಮಿಷವೇ ಆಗಿರುವುದರಿಂದ, 144 ನಿಮಿಷವೆಂದರೆ 144 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರಿನಂತೆ ಗುಣಿಸಿದರೆ 267 ಕಿಲೋಮೀಟರ್ ಸಿಗುತ್ತದೆ. ಪೂರ್ವ-ಪಶ್ಚಿಮದ ಅಲ್ಪ ಅಂತರವನ್ನು ಸೇರಿಸಿದರೂ ಈ ಅಂಕಿ ಹೆಚ್ಚು ಬದಲಾಗುವುದಿಲ್ಲ. ಭೂಗೋಳದ ಪಾಠ ಇಷ್ಟು ಸರಳವಾಗಿ ನಮ್ಮ ಎರಡು ಊರುಗಳಿಗೆ ಹೊಂದಿಕೊಂಡದ್ದನ್ನು ಮೊದಲ ಸಲ ಗಮನಿಸಿದಾಗ ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಹೈಸ್ಕೂಲಿನ ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಲೆಕ್ಕವಿದು.

ಈ ಗೆರೆಯನ್ನು ನಕಾಶೆಯ ಮೇಲೆ ಎಳೆದು ನೋಡಿದರೆ ಇನ್ನೂ ಸೊಗಸಾದ ಸಂಗತಿ ಕಾಣುತ್ತದೆ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ಗೆರೆ ಮುಂಡಗೋಡದ ಪಕ್ಕದಲ್ಲಿ ಸಾಗಿ, ಸರಿಸುಮಾರು ಬನವಾಸಿಯ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಕದಂಬರ ರಾಜಧಾನಿಯಿಂದ ಮುಂದೆ ಕೆಳದಿಯನ್ನೂ ಸಾಗರವನ್ನೂ ಹತ್ತಿರದಲ್ಲೇ ಎಡಕ್ಕೆ ಬಿಟ್ಟು, ಶರಾವತಿಯ ಹಿನ್ನೀರಿನ ಮಗ್ಗುಲಲ್ಲಿ ಇಳಿಯುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿ ಸುಮಾರು ಹತ್ತು ಕಿಲೋಮೀಟರ್ ಬಲಕ್ಕೆ ಉಳಿಯುತ್ತದೆ. ಅಲ್ಲಿಂದ ಘಟ್ಟದ ಅಂಚು ದಾಟಿ, ಆಗುಂಬೆಯನ್ನು ಎಡಕ್ಕೆ ಬಿಟ್ಟು, ಹೆಬ್ರಿ ಮತ್ತು ಕಾರ್ಕಳಗಳಿಗೆ ತುಸು ಪಶ್ಚಿಮದಲ್ಲಿ ಸಾಗಿ, ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆ ತಲಪುತ್ತದೆ. ಬಯಲುಸೀಮೆಯ ಅಂಚು, ಮಲೆನಾಡು, ಕರಾವಳಿ ಮೂರನ್ನೂ ಹೀಗೆ ಒಂದೇ ಗೆರೆಯಲ್ಲಿ ಪೋಣಿಸುವ ವಿಮಾನದಾರಿ ರಾಜ್ಯದಲ್ಲಿ ಇನ್ನೊಂದಿದ್ದರೂ ಇಷ್ಟು ಕಡಿಮೆ ದೂರದಲ್ಲಿ ಇರಲಾರದು ಎಂದು ನನ್ನ ಅನಿಸಿಕೆ.

ಆದರೆ ವಿಮಾನ ಈ ಗೆರೆಯ ಮೇಲೆ ಚಾಚೂ ತಪ್ಪದೆ ಹಾರುವುದಿಲ್ಲ. ಹುಬ್ಬಳ್ಳಿಯ ರನ್‌ವೇ ಇರುವುದು ಪೂರ್ವ-ಪಶ್ಚಿಮವಾಗಿ. ಮಂಗಳೂರಿನ ಮುಖ್ಯ ರನ್‌ವೇ ಇರುವುದು ಈಶಾನ್ಯದಿಂದ ನೈರುತ್ಯಕ್ಕೆ. ಪ್ರಯಾಣ ದಕ್ಷಿಣಕ್ಕೆ. ಹೀಗಾಗಿ ಮೇಲೇರಿದ ಕೂಡಲೇ ಒಂದು ತಿರುವು, ಇಳಿಯುವ ಮೊದಲು ಇನ್ನೊಂದು ತಿರುವು ಅನಿವಾರ್ಯ. ಮಂಗಳೂರಿನಲ್ಲಿ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿರುವಾಗ ವಿಮಾನ ಗಾಳಿಗೆ ಎದುರಾಗಿ, ಅಂದರೆ ಈಶಾನ್ಯ ದಿಕ್ಕಿನಿಂದ ಬಂದು ನೈರುತ್ಯಕ್ಕೆ ಮುಖಮಾಡಿ ಇಳಿಯಬೇಕು. ಮೋಡ ಕವಿದಾಗ ಇಳಿಯುವ ದಾರಿಯನ್ನು ರೇಡಿಯೊ ಸಂಕೇತಗಳಿಂದ ತೋರಿಸುವ ಐಎಲ್‌ಎಸ್ ವ್ಯವಸ್ಥೆಯೂ ಈ ಬದಿಗೇ ಇದೆ. ಉತ್ತರದಿಂದ ಬಂದ ವಿಮಾನ ಅದಕ್ಕಾಗಿ ಮೂಡುಬಿದಿರೆಯ ಕಡೆಗೆ ಪೂರ್ವಕ್ಕೆ ಸರಿದು ಸುತ್ತಿ ಬರಬೇಕಾಗುತ್ತದೆ. ಆ ಪೂರ್ವದಲ್ಲಿ ಸುಮಾರು 1,890 ಮೀಟರ್ ಎತ್ತರದ ಕುದುರೆಮುಖವಿರುವ ಘಟ್ಟಸಾಲು ನಿಂತಿರುವುದರಿಂದ ಬೇಕೆಂದಾಗಲೆಲ್ಲ ಕೆಳಗಿಳಿಯುವ ಸ್ವಾತಂತ್ರ್ಯವೂ ಇಲ್ಲ. ಸಾವಿರ ಕಿಲೋಮೀಟರಿನ ಹಾರಾಟದಲ್ಲಿ ಇಂಥ ಸುತ್ತು ಲೆಕ್ಕಕ್ಕೇ ಬರುವುದಿಲ್ಲ. 267 ಕಿಲೋಮೀಟರಿನಲ್ಲಿ ಬರುತ್ತದೆ.

ಇಷ್ಟು ಚಿಕ್ಕ ಹಾರಾಟದ ಸ್ವಭಾವವೇ ಬೇರೆ. ನಮ್ಮ ಪ್ರಾದೇಶಿಕ ದಾರಿಗಳಲ್ಲಿ ಹೆಚ್ಚಾಗಿ ಓಡುವ ಎಟಿಆರ್ 72 ವಿಮಾನವನ್ನೇ ತೆಗೆದುಕೊಳ್ಳಿ. ಎರಡು ಪ್ರೊಪೆಲ್ಲರುಗಳ, ಎಪ್ಪತ್ತರಿಂದ ಎಪ್ಪತ್ತೆಂಟು ಆಸನಗಳ ಈ ವಿಮಾನ ಸಮತಟ್ಟಾಗಿ ಹಾರುವಾಗ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗ ಮುಟ್ಟುತ್ತದೆ. 267ನ್ನು 500ರಿಂದ ಭಾಗಿಸಿದರೆ ಮೂವತ್ತೆರಡು ನಿಮಿಷ. ಅವಧಿಯನ್ನು ಹೇಳುವ ಅನೇಕ ತಾಣಗಳು ಮಾಡುವುದು ಇಂಥ ಭಾಗಾಕಾರವನ್ನೇ, ಅದಕ್ಕೊಂದಿಷ್ಟು ನಿಮಿಷ ಸೇರಿಸಿ. ವಾಸ್ತವದಲ್ಲಿ ವಿಮಾನ ಆ ವೇಗದಲ್ಲಿ ಇರುವುದು ದಾರಿಯ ಮೂರನೆಯ ಒಂದು ಭಾಗ ಮಾತ್ರ. ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿರುವ ಹುಬ್ಬಳ್ಳಿಯಿಂದ 16,000 ಅಡಿಗೆ ಏರುತ್ತದೆ ಎಂದುಕೊಳ್ಳೋಣ. ನಿಮಿಷಕ್ಕೆ ಸರಾಸರಿ ಸಾವಿರ ಅಡಿಯಂತೆ ಏರಿದರೆ ಹದಿನಾಲ್ಕು ನಿಮಿಷ ಹಿಡಿಯುತ್ತದೆ. ಏರುವಾಗ ವೇಗ ಕಡಿಮೆಯಾದ್ದರಿಂದ ಅಷ್ಟರಲ್ಲಿ ಕ್ರಮಿಸುವುದು ಹೆಚ್ಚುಕಡಿಮೆ 90 ಕಿಲೋಮೀಟರ್. ಇಳಿಯುವುದಕ್ಕೆ ಪೈಲಟ್‌ಗಳು ಬಳಸುವ ಹಳೆಯ ಸೂತ್ರವೊಂದಿದೆ: ಇಳಿಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ದೂರ ಬೇಕು. 16,000 ಅಡಿಯಿಂದ, ಸುಮಾರು ನೂರು ಮೀಟರ್ ಎತ್ತರದಲ್ಲಿರುವ ಮಂಗಳೂರು ರನ್‌ವೇಗೆ ಇಳಿಯಲು ಆ ಸೂತ್ರದಂತೆ 47 ನಾಟಿಕಲ್ ಮೈಲಿ, ಅಂದರೆ 87 ಕಿಲೋಮೀಟರ್. ಎರಡನ್ನೂ ಕಳೆದರೆ ಸಮತಟ್ಟಿನ ಹಾರಾಟಕ್ಕೆ ಉಳಿಯುವುದು 90 ಕಿಲೋಮೀಟರ್, ಹನ್ನೊಂದು ನಿಮಿಷ. ಚಹಾ ಕೊಡುವುದಕ್ಕೂ ಅವಸರಪಡಬೇಕಾದಷ್ಟು ಕಡಿಮೆ ಕಾಲ. ಇಳಿಯುವ ಹದಿಮೂರು ನಿಮಿಷ, ರನ್‌ವೇಗೆ ಹೊಂದಿಕೊಳ್ಳುವ ಸುತ್ತಿನ ಆರೇಳು ನಿಮಿಷ ಸೇರಿಸಿದರೆ ನೆಲ ಬಿಟ್ಟು ನೆಲ ಮುಟ್ಟುವವರೆಗೆ ನಲವತ್ತೈದು ನಿಮಿಷವಾಗುತ್ತದೆ.

ಇದೇ ಕಾರಣದಿಂದ, ದೊಡ್ಡ ಜೆಟ್ ವಿಮಾನ ಬಂದರೆ ಕಾಲ ಅರ್ಧಕ್ಕೆ ಇಳಿಯುತ್ತದೆ ಎಂಬ ನಿರೀಕ್ಷೆ ಈ ದೂರಕ್ಕೆ ಸಲ್ಲುವುದಿಲ್ಲ. ಗಂಟೆಗೆ 830 ಕಿಲೋಮೀಟರ್ ವೇಗದ ಏರ್‌ಬಸ್ ಎ320 ತನ್ನ ಪೂರ್ಣ ಎತ್ತರವನ್ನು ಮುಟ್ಟುವ ಮೊದಲೇ ಇಳಿಯಲು ಸಿದ್ಧವಾಗಬೇಕಾಗುತ್ತದೆ. ಅದರಿಂದ ಉಳಿಯುವುದು ಹೆಚ್ಚೆಂದರೆ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕಾಗಿ ಸುಡುವ ಇಂಧನ, ತುಂಬಿಸಬೇಕಾದ ನೂರಎಂಬತ್ತು ಆಸನಗಳು ಎರಡನ್ನೂ ನೋಡಿದರೆ, ಈ ದಾರಿಗೆ ಪ್ರೊಪೆಲ್ಲರಿನ ಚಿಕ್ಕ ವಿಮಾನವೇ ಸರಿಯಾದದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಪ್ರೊಪೆಲ್ಲರಿನ ವಿಮಾನವೆಂದರೆ ಹಳೆಯದು, ಅಪಾಯದ್ದು ಎಂದು ಹಿಂಜರಿಯುವ ಹಿರಿಯರು ನಮ್ಮ ಮನೆಯಲ್ಲೂ ಇದ್ದಾರೆ. ಅದರ ಎಂಜಿನಿನೊಳಗೆ ಇರುವುದೂ ಟರ್ಬೈನೇ. ತಿರುಗುವ ಅಲಗುಗಳು ಹೊರಗೆ ಕಾಣುತ್ತವೆ, ಅಷ್ಟೇ ವ್ಯತ್ಯಾಸ.

ಟಿಕೆಟ್ಟಿನಲ್ಲಿ ಮಾತ್ರ ನಲವತ್ತೈದು ನಿಮಿಷವೆಂದು ಇರುವುದಿಲ್ಲ, ಒಂದು ಗಂಟೆ ಅಥವಾ ಒಂದು ಗಂಟೆ ಐದು ನಿಮಿಷ ಎಂದಿರುತ್ತದೆ. ವಿಮಾನಯಾನ ಸಂಸ್ಥೆಗಳು ಅವಧಿಯನ್ನು ಎಣಿಸುವುದು ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವ ಕ್ಷಣದವರೆಗೆ. ಇದಕ್ಕೆ ಅವರು ಬ್ಲಾಕ್ ಟೈಮ್ ಎನ್ನುತ್ತಾರೆ. ಟ್ಯಾಕ್ಸಿ ಮಾಡುವುದು, ಅಂದರೆ ನಿಂತ ಜಾಗಕ್ಕೂ ರನ್‌ವೇಗೂ ನಡುವೆ ನೆಲದ ಮೇಲೆ ಸಾಗುವುದು, ಎಂಜಿನ್ ಸಿದ್ಧಪಡಿಸುವುದು, ಇನ್ನೊಂದು ವಿಮಾನ ಇಳಿಯಲೆಂದು ಕಾಯುವುದು ಎಲ್ಲವೂ ಅದರೊಳಗೆ ಬರುತ್ತದೆ. ತಡವಾದೀತೆಂಬ ಎಚ್ಚರಿಕೆಗೆ ಇಟ್ಟುಕೊಂಡ ಕೆಲವು ನಿಮಿಷಗಳೂ ಸೇರಿರುತ್ತವೆ. ಹಾಗಾಗಿ ಒಂದೇ ದಾರಿಗೆ ಒಂದು ಕಡೆ 45 ನಿಮಿಷ, ಇನ್ನೊಂದು ಕಡೆ 65 ನಿಮಿಷ ಎಂದು ಕಂಡರೆ ಎರಡೂ ಸರಿಯೇ; ಅಳತೆಯ ಆರಂಭ ಮತ್ತು ಅಂತ್ಯದ ಬಿಂದುಗಳು ಬೇರೆ.

ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಮಂಗಳೂರಿನದು ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ. ಉದ್ದ 2,450 ಮೀಟರ್, ಅಂಚಿನಾಚೆ ಇಳಿಜಾರು ಮತ್ತು ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಈ ರನ್‌ವೇಯನ್ನು ಮೀರಿ ಹೋಗಿ 158 ಜನರು ಪ್ರಾಣ ಕಳೆದುಕೊಂಡ ದಿನವನ್ನು ಕರಾವಳಿಯ ಯಾವ ಮನೆಯೂ ಮರೆತಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಮೋಡ ಗುಡ್ಡವನ್ನೇ ತಬ್ಬಿಕೊಂಡು ನಿಂತಾಗ, ನಿಗದಿತ ಎತ್ತರಕ್ಕೆ ಬಂದರೂ ರನ್‌ವೇ ಕಾಣದಿದ್ದರೆ ಪೈಲಟ್ ಮತ್ತೆ ಮೇಲೇರಿ ಸುತ್ತು ಹೊಡೆಯಬೇಕು, ಇಲ್ಲವೇ ಬೆಂಗಳೂರು, ಕಣ್ಣೂರು ಅಥವಾ ಕೊಚ್ಚಿಯ ಕಡೆ ತಿರುಗಿಸಬೇಕು. ಹೀಗಾದಾಗ ಪ್ರಯಾಣಿಕರು ಸಿಡುಕುವುದನ್ನು ನಾನು ನೋಡಿದ್ದೇನೆ. ಹಿಂದಿರುಗುವ ಆ ನಿರ್ಧಾರಕ್ಕೆ ನಾವು ಕೃತಜ್ಞರಾಗಿರಬೇಕೆಂದು ನಾನು ಪ್ರಾಮಾಣಿಕವಾಗಿ ನಂಬುತ್ತೇನೆ. ಆ ತಿಂಗಳುಗಳಲ್ಲಿ ಅದೇ ದಿನ ಮಧ್ಯಾಹ್ನದ ಮುಹೂರ್ತಕ್ಕೆ ಬೆಳಗಿನ ವಿಮಾನವನ್ನು ನೆಚ್ಚಿಕೊಳ್ಳಬೇಡಿ ಎಂದು ನಮ್ಮವರಿಗೆಲ್ಲ ಹೇಳುತ್ತೇನೆ. ಹಿಂದಿನ ದಿನವೇ ಹೋಗಿಬಿಡುವುದು ಉತ್ತಮ.

ಇಷ್ಟು ಹೊತ್ತು ಹೇಳಿದ್ದೆಲ್ಲ ನೇರ ವಿಮಾನವಿದ್ದರೆ ಎಂಬ ಮಾತಿನ ಮೇಲೆ ನಿಂತಿದೆ. ಎರಡು ಪ್ರಾದೇಶಿಕ ನಿಲ್ದಾಣಗಳ ನಡುವಿನ ಪ್ರಯಾಣದಲ್ಲಿ ಕಾಲವನ್ನು ನಿರ್ಧರಿಸುವುದು ಮುಖ್ಯವಾಗಿ ಈ ‘ಇದ್ದರೆ’ ಎಂಬುದೇ ಹೊರತು ಕಿಲೋಮೀಟರಲ್ಲ. ಹುಬ್ಬಳ್ಳಿ ಮತ್ತು ಮಂಗಳೂರಿನ ನಡುವೆ ಕೆಲಕಾಲ ನೇರ ವಿಮಾನ ಓಡಿದ್ದುಂಟು, ಆಮೇಲೆ ನಿಂತದ್ದೂ ಉಂಟು. ನೇರ ಸೇವೆ ಇಲ್ಲದಾಗ ದಾರಿ ಬೆಂಗಳೂರಿನ ಮೂಲಕ. ಹುಬ್ಬಳ್ಳಿಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 370 ಕಿಲೋಮೀಟರ್, ಅಲ್ಲಿಂದ ಮಂಗಳೂರಿಗೆ ಸುಮಾರು 306 ಕಿಲೋಮೀಟರ್. ಒಟ್ಟು 676. ದಕ್ಷಿಣಕ್ಕೆ ಹೋಗಬೇಕಾದವರು ಮೊದಲು ಆಗ್ನೇಯಕ್ಕೆ ಹೋಗಿ, ಬಳಿಕ ಪಶ್ಚಿಮಕ್ಕೆ ಮರಳಿ, ನೇರ ದಾರಿಯ ಎರಡೂವರೆ ಪಟ್ಟು ದೂರ ಹಾರುತ್ತಾರೆ. ಮೊದಲ ಹಂತಕ್ಕೆ ಒಂದೂಕಾಲು ಗಂಟೆ, ಎರಡನೆಯದಕ್ಕೆ ಒಂದು ಗಂಟೆ ಚಿಲ್ಲರೆ, ನಡುವೆ ಕಾಯುವುದು ಒಂದೂವರೆಯಿಂದ ಮೂರು ಗಂಟೆ. ಅಂದರೆ ವಿಮಾನ ಹೊರಟು ವಿಮಾನ ತಲಪುವವರೆಗೇ ನಾಲ್ಕರಿಂದ ಐದೂವರೆ ಗಂಟೆ. ಮನೆಯಿಂದ ನಿಲ್ದಾಣಕ್ಕೆ ಮುಂಚಿತವಾಗಿ ಹೊರಡುವ ಸಮಯ, ಆ ಕಡೆ ಲಗೇಜು ತೆಗೆದುಕೊಂಡು ಗುಡ್ಡ ಇಳಿದು ಊರೊಳಗೆ ಸೇರುವ ಸಮಯ ಎರಡನ್ನೂ ಕೂಡಿಸಿದರೆ ಏಳು ಗಂಟೆ ಮುಟ್ಟುತ್ತದೆ. 267 ಕಿಲೋಮೀಟರಿನ ಅಂತರವನ್ನು ಏಳು ಗಂಟೆಯಲ್ಲಿ ಕ್ರಮಿಸಿದರೆ ಗಂಟೆಗೆ ಮೂವತ್ತೆಂಟು ಕಿಲೋಮೀಟರ್ ವೇಗವಾಯಿತು. ನೇರ ವಿಮಾನವಿದ್ದ ದಿನ ಇದೇ ಪ್ರಯಾಣ, ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ, ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ.

ಬೆಂಗಳೂರಿನಲ್ಲಿ ಬದಲಾಯಿಸುವವರು ಎರಡು ವಿಷಯಗಳನ್ನು ಮೊದಲೇ ನೋಡಿಕೊಳ್ಳಬೇಕು. ಎರಡೂ ಹಂತಗಳು ಒಂದೇ ಟಿಕೆಟ್ಟಿನಲ್ಲಿದ್ದರೆ ಲಗೇಜನ್ನು ಸಾಮಾನ್ಯವಾಗಿ ಹುಬ್ಬಳ್ಳಿಯಲ್ಲಿ ಕೊಟ್ಟು ಮಂಗಳೂರಿನಲ್ಲಿ ಪಡೆಯಬಹುದು, ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಸೇರಿಸುವ ಹೊಣೆಯೂ ಸಂಸ್ಥೆಯದೇ. ಕಡಿಮೆ ದರದ ಆಸೆಗೆ ಬೇರೆ ಬೇರೆ ಸಂಸ್ಥೆಗಳಲ್ಲಿ ಎರಡು ಟಿಕೆಟ್ ಮಾಡಿಸಿದರೆ ಆ ಹೊಣೆ ಯಾರದೂ ಅಲ್ಲ. ಲಗೇಜು ತೆಗೆದುಕೊಂಡು ಹೊರಬಂದು, ಟರ್ಮಿನಲ್ ಬೇರೆಯಾಗಿದ್ದರೆ ಅಲ್ಲಿಗೆ ಹೋಗಿ, ಹೊಸದಾಗಿ ಚೆಕ್-ಇನ್ ಮಾಡಿ, ಭದ್ರತಾ ತಪಾಸಣೆಯ ಸಾಲಿನಲ್ಲಿ ಮತ್ತೊಮ್ಮೆ ನಿಲ್ಲಬೇಕು. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಚೆಕ್-ಇನ್ ಕೌಂಟರ್ ಮುಚ್ಚುವುದು ಸಾಮಾನ್ಯವಾದ್ದರಿಂದ, ಹೀಗೆ ಹೋಗುವವರು ನಡುವೆ ಕನಿಷ್ಠ ಮೂರು ಗಂಟೆಯಾದರೂ ಇಟ್ಟುಕೊಳ್ಳಲಿ. ವಯಸ್ಸಾದವರನ್ನು ಈ ಬಗೆಯ ಪ್ರಯಾಣಕ್ಕೆ ಒಂಟಿಯಾಗಿ ಕಳಿಸಬಾರದು.

ನೇರ ದಾರಿಗಳು ಏಕೆ ಬಾಳುವುದಿಲ್ಲ ಎಂಬ ಪ್ರಶ್ನೆ ನಮ್ಮ ಎರಡು ಊರುಗಳಿಗಷ್ಟೇ ಸೇರಿದ್ದಲ್ಲ. ಕೇಂದ್ರ ಸರಕಾರ 2016ರ ಅಕ್ಟೋಬರಿನಲ್ಲಿ ಉಡಾನ್ ಯೋಜನೆ ತಂದದ್ದು ಇಂಥ ದಾರಿಗಳಿಗೇ: ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ ಹಾಕಿದ ಆಸನಗಳು, ನಷ್ಟ ತುಂಬಿಕೊಡಲು ಮೂರು ವರ್ಷಗಳ ಸಹಾಯಧನ. ಮಹಾಲೇಖಪಾಲರು 2023ರಲ್ಲಿ ಮಂಡಿಸಿದ ವರದಿಯಂತೆ, ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ದಾರಿಗಳ ಪೈಕಿ ಆರಂಭವಾದವು 371. ಮೂರು ವರ್ಷದ ಅವಧಿಯನ್ನು ಪೂರೈಸಿದವು 112. ಸಹಾಯಧನ ಮುಗಿದ ಮೇಲೂ 2023ರ ಮಾರ್ಚ್ ವೇಳೆಗೆ ಉಳಿದುಕೊಂಡವು 54. ಈ ಅಂಕಿಗಳನ್ನು ಓದಿದಾಗ ನನಗೆ ಬೇಸರವಾಯಿತು, ಆದರೆ ಕಾರಣ ಅರ್ಥವಾಗದ್ದೇನಲ್ಲ. ವಾರದಲ್ಲಿ ಎರಡು ಮೂರು ದಿನ ಮಾತ್ರ, ಅನುಕೂಲವಲ್ಲದ ವೇಳೆಯಲ್ಲಿ ಹಾರುವ ವಿಮಾನವನ್ನು ನಂಬಿ ಜನ ತಮ್ಮ ಕೆಲಸ ಹೊಂದಿಸಿಕೊಳ್ಳುವುದಿಲ್ಲ. ಜನ ಬಾರದಿದ್ದರೆ ದಿನಗಳು ಇನ್ನೂ ಕಡಿಮೆಯಾಗುತ್ತವೆ. ಬೆಳಗ್ಗೆ ಹೋಗಿ ಸಂಜೆ ಮರಳುವಂತೆ ದಿನವೂ ಎರಡು ಸಲ ಹಾರುವ ವ್ಯವಸ್ಥೆಯನ್ನು ಒಂದೆರಡು ವರ್ಷ ಛಲದಿಂದ ನಡೆಸಿದರೆ ಈ ದಾರಿಗೆ ಪ್ರಯಾಣಿಕರು ಸಿಗುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ. ಹುಬ್ಬಳ್ಳಿಯಲ್ಲಿ ಹೋಟೆಲು, ವ್ಯಾಪಾರ ನಡೆಸುವ ಕರಾವಳಿಯವರು, ಮಂಗಳೂರು ಮಣಿಪಾಲಗಳ ಆಸ್ಪತ್ರೆಗಳಿಗೂ ಕಾಲೇಜುಗಳಿಗೂ ಹೋಗುವ ಉತ್ತರ ಕರ್ನಾಟಕದವರು ಎಷ್ಟಿದ್ದಾರೆಂಬುದನ್ನು ತಿಳಿಯಲು ಒಂದು ದಿನ ರಾತ್ರಿ ಬಸ್ಸುಗಳನ್ನು ನೋಡಿದರೆ ಸಾಕು.

ಆ ಬಸ್ಸುಗಳ ದಾರಿಯನ್ನೂ ಹೋಲಿಸಬೇಕು. ಯಲ್ಲಾಪುರ, ಅಂಕೋಲಾಗಳ ಮೂಲಕವಾಗಲಿ ಶಿರಸಿ, ಕುಮಟಾಗಳ ಮೂಲಕವಾಗಲಿ ರಸ್ತೆಯ ದೂರ 350 ಕಿಲೋಮೀಟರ್ ಮೀರುತ್ತದೆ, ಎಂಟು ಗಂಟೆಯಾದರೂ ಬೇಕು. ಘಟ್ಟ ಜರಿಯುವ ಮಳೆಗಾಲದಲ್ಲಿ ಅದೂ ಖಾತರಿಯಲ್ಲ; 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದಾಗ ಹೆದ್ದಾರಿ ಬಹಳ ದಿನ ಮುಚ್ಚಿತ್ತು. ರೈಲು ಅರಸೀಕೆರೆ, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯಗಳನ್ನು ಸುತ್ತಿ ಹೋಗಬೇಕು. 1990ರ ದಶಕದಲ್ಲೇ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಘಟ್ಟದ ಕಾಡಿನ ಕಾರಣಕ್ಕೆ ಇನ್ನೂ ಕಾಗದದಲ್ಲಿದೆ, ಮತ್ತು ಆ ಕಾಡಿನ ಬೆಲೆ ಬಲ್ಲವರು ಅದನ್ನು ಲಘುವಾಗಿ ತೆಗೆದುಹಾಕಲಾರರು. ಒಂದು ಮರವನ್ನೂ ಕಡಿಯದೆ ಈ ಎರಡು ಸೀಮೆಗಳನ್ನು ಹತ್ತಿರ ತರಬಲ್ಲ ದಾರಿ ಸದ್ಯಕ್ಕೆ ಬನವಾಸಿಯ ಮೇಲಿನ ಆ ಗೆರೆಯೊಂದೇ.

ಕೊನೆಯದಾಗಿ, ಹೋಗಬೇಕಾದ ಊರು ಯಾವುದೆಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಮಂಗಳೂರು, ಬಂಟ್ವಾಳ, ಪುತ್ತೂರು, ಕಾಸರಗೋಡಿನ ಕಡೆ ಹೋಗುವವರಿಗೆ ನೇರ ವಿಮಾನವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಂಗಳೂರಿನ ಮೂಲಕವಾದರೂ ರಾತ್ರಿ ಬಸ್ಸಿನಲ್ಲಿ ಕೂರಲಾರದವರು ಅದನ್ನು ಆರಿಸಿಕೊಳ್ಳಬಹುದು. ಉಡುಪಿ, ಮಣಿಪಾಲಕ್ಕೆ ಹೋಗುವವರು ಬಜಪೆಯಲ್ಲಿ ಇಳಿದು ಮತ್ತೆ ಉತ್ತರಕ್ಕೆ ಒಂದೂವರೆ ಗಂಟೆ ಬರಬೇಕಾದ್ದರಿಂದ ನೇರ ವಿಮಾನವಿದ್ದಾಗ ಮಾತ್ರ ಲಾಭ. ಕುಂದಾಪುರ, ಬೈಂದೂರು, ಭಟ್ಕಳದವರು ಹುಬ್ಬಳ್ಳಿಯಿಂದ ರಸ್ತೆಯಲ್ಲೇ ಇಳಿದು ಬರುವುದು ಒಳಿತು: ವಿಮಾನ ಅವರ ಊರನ್ನು ದಾಟಿ ದಕ್ಷಿಣಕ್ಕೆ ಒಯ್ಯುತ್ತದೆ, ಅಲ್ಲಿಂದ ನೂರು ಕಿಲೋಮೀಟರಿನಷ್ಟು ಹಿಂದಕ್ಕೆ ಬರಬೇಕಾಗುತ್ತದೆ.